ಬಲಗಾಲಿನ ಶಾಸ್ತ್ರ

ಪವಿತ್ರ, ನಿನ್ನ ಕಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ಎಡಗಡೆಯ ಸುತ್ತು ಬಾರದವಳು ನಾನು. ಅದು ಯಾರಿಗೂ ತಿಳಿಯಬಾರದೆಂದು ನಿನ್ನನ್ನು ಗೋಡೌನಿನಿಂದ ಹೊರಗೆ ಹಾಕಿಸಿದೆ—ನೀನು ಕೈಲಾಗದವಳೆಂದು ನಿನ್ನ ಅಮ್ಮನನ್ನೇ ನಂಬಿಸಿದೆ. ಹತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಉದ್ದನಪಲ್ಲಿಯ ಬೀದಿಯಲ್ಲಿ ತಲೆಯೆತ್ತಿಕೊಂಡೇ ಓಡಾಡಿದ್ದೇನೆ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ನೀನು ಒಳ್ಳೆಯವಳು, ಕೇಳಿದರೆ ಕೊಟ್ಟುಬಿಡುತ್ತೀಯ, ನಾನು ಹಗುರಾಗಿ ಉಂಡು ಮಲಗುತ್ತೇನೆ—ಆ ಸುಖ ನನಗೆ ಬೇಡ. ಊರಿನ ಮುಂದೆ ತಲೆ ತಗ್ಗಿಸುವ ಉದ್ದೇಶವೂ ಇಲ್ಲ. ಹುಣಸೆಹಣ್ಣಿನ ಗೋಡೌನಿನ ತೊಲೆಗೆ ಬಟ್ಟೆ ಇಳಿಬಿಟ್ಟು ಹೆಣ್ಣುಮಕ್ಕಳನ್ನು ಹತ್ತಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ. ‘ಸರ್ಕಸ್ ರತ್ನ’ ಎಂದವರಿಗೆ ಅವತ್ತೂ ಜವಾಬು ಕೊಟ್ಟಿದ್ದೇನೆ, ಇವತ್ತೂ ಕೊಡುತ್ತೇನೆ. ನಾಚಿಕೆಯಾಗುವುದು ನಿನ್ನೊಬ್ಬಳ ಎದುರಿಗೆ.

ನಾನು ಎಷ್ಟು ಕಲಿತಿದ್ದೆ ಎಂಬುದನ್ನು ನಿಮಗೆ ಯಾರಿಗೂ ನಿಜವಾಗಿ ಹೇಳಿರಲಿಲ್ಲ. ಹೊಸೂರಿನಲ್ಲಿ ಪೂರ್ತಿ ಕಲಿತು ಬಂದವಳು ಎಂದು ಊರು ಹೇಳುತ್ತಿತ್ತು, ನಾನು ತಿದ್ದಲಿಲ್ಲ. ಆಗ ಹೊಸೂರಿನ ಒಂದು ಕಂಪನಿಯಲ್ಲಿ ಲೈನಿನಲ್ಲಿ ನಿಂತು ಕೆಲಸ ಮಾಡುತ್ತಿದ್ದೆ. ಕಂಪನಿಯ ವಾರ್ಷಿಕೋತ್ಸವಕ್ಕೆ ಬಂದಿದ್ದ ಒಬ್ಬಳು, ಮೇಲಿಂದ ಇಳಿಬಿಟ್ಟ ಎರಡು ಉದ್ದನೆಯ ಬಟ್ಟೆ ಹಿಡಿದು ಹತ್ತಿ, ನಡು ಆಕಾಶದಲ್ಲಿ ಎರಡೂ ಕೈ ಬಿಟ್ಟು ನಿಂತಳು. ಸೊಂಟಕ್ಕೆ ಹಗ್ಗವಿಲ್ಲ, ಬಟ್ಟೆಯಲ್ಲಿ ಗಂಟಿಲ್ಲ. ಚಿಕ್ಕಂದಿನಲ್ಲಿ ಹುಣಸೆಮರ ಹತ್ತಿ ಗಂಡುಬೀರಿ ಎಂದು ಬೈಸಿಕೊಂಡವಳು ನಾನು—ಸುಮ್ಮನೆ ಕೂತಿರಲು ಆಗುತ್ತದೆಯೇ! ಕಾರ್ಯಕ್ರಮ ಮುಗಿದದ್ದೇ ಹೋಗಿ, ಎಲ್ಲಿ ಕಲಿಸುತ್ತೀರಿ ಎಂದು ಕೇಳಿದೆ. ಹೊಸೂರಿನಲ್ಲೇ, ಒಂದು ಛತ್ರದ ಹಿಂದಿನ ಹಾಲಿನಲ್ಲಿ, ಭಾನುವಾರ ಎಂದಳು. ಕೊಯಮತ್ತೂರಿನ ಕಡೆಯವಳು, ನನಗಿಂತ ಚಿಕ್ಕವಳು. ಆದರೂ ನಾನು ಮಿಸ್ ಎಂದೇ ಕರೆಯುತ್ತಿದ್ದೆ.

ಮಿಸ್ ಮೊದಲು ಕಲಿಸಿದ್ದು ಫುಟ್ ಲಾಕ್. ಆಮೇಲೆ ನಮ್ಮ ಗೋಡೌನಿನಲ್ಲಿ ನೀವೆಲ್ಲ ಅದಕ್ಕೆ ಕಾಲ್ಬೀಗ ಎಂದು ಹೆಸರಿಟ್ಟಿರಿ. ಬಟ್ಟೆಯನ್ನು ಕಾಲಿನ ಹೊರಗಡೆಗೆ ಬಿಟ್ಟುಕೊಂಡು, ಕಾಲನ್ನು ಅದರ ಸುತ್ತ ಒಂದು ಸಲ ತಿರುಗಿಸಬೇಕು. ಬಟ್ಟೆ ಮೊಣಕಾಲ ಕೆಳಗೆ ಸುತ್ತಿಕೊಂಡು ಪಾದದ ಹತ್ತಿರ ಬರುತ್ತದೆ. ಕೆಳಗೆ ನೇತಾಡುವ ಬಾಲವನ್ನು ಇನ್ನೊಂದು ಪಾದದಿಂದ ಎತ್ತಿ, ಸುತ್ತಿದ ಪಾದದ ಮೇಲೆ ಹೊದಿಸಿ ತುಳಿದು ನಿಲ್ಲಬೇಕು. ಆಗ ಒಂದು ಮಡಿಕೆ ಇನ್ನೊಂದನ್ನು ಕಚ್ಚಿಕೊಳ್ಳುತ್ತದೆ. ಎಷ್ಟು ಭಾರ ಬಿಟ್ಟರೆ ಅಷ್ಟು ಬಿಗಿ. ಇದೊಂದು ಬಂದರೆ ಮೇಲೆ ದಣಿದಾಗ ನಿಂತು ಉಸಿರು ತೆಗೆದುಕೊಳ್ಳಬಹುದು. ಇದು ಬಾರದೆ ಮುಂದಿನ ಯಾವುದೂ ಇಲ್ಲ. ಬಲಗಾಲಿಗೆ ನನಗೆ ಬೇಗ ಬಂತು, ಜಂಬವೂ ಬಂತು. ಮಿಸ್ ನಕ್ಕು, “ರೆಂಡು ಪಕ್ಕಮುಂ ವಂದಾತ್ತಾನ್ ವಂದ ಮಾದಿರಿ” ಎಂದಳು. ಎರಡೂ ಕಡೆ ಬಂದರೆ ಮಾತ್ರ ಬಂದ ಹಾಗೆ. ಎಡಗಾಲಿನ ಪಾಠ ಮುಂದಿನ ಭಾನುವಾರಕ್ಕೆ ಎಂದು ಹೇಳಿ ಕಳಿಸಿದಳು.

ಮುಂದಿನ ಭಾನುವಾರ ನನಗೆ ಡ್ಯೂಟಿ ಬಿತ್ತು. ಅದರ ಮುಂದಿನದೂ ಹಾಗೇ. ಶಿಫ್ಟ್ ಬದಲಾಗಿ ನಾನು ಮತ್ತೆ ಹಾಲಿಗೆ ಹೋಗುವ ಹೊತ್ತಿಗೆ ಮಿಸ್ ಊರು ಬಿಟ್ಟು ಹೋಗಿದ್ದಳು. ನನ್ನ ಹತ್ತಿರ ಅವಳಿಂದ ಕೊಂಡುಕೊಂಡ ಬಟ್ಟೆ ಇತ್ತು, ಬಲಗಾಲು ಇತ್ತು, ಅಷ್ಟೇ. ನಮ್ಮ ಸೋದರಮಾವನ ಗೋಡೌನು ಹುಣಸೆ ಸುಗ್ಗಿ ಮುಗಿದ ಮೇಲೆ ವರ್ಷಪೂರ್ತಿ ಖಾಲಿ ಬಿದ್ದಿರುತ್ತಿತ್ತು. ವೆಲ್ಡರನ್ನು ಕರೆಸಿ ಕಬ್ಬಿಣದ ತೊಲೆ ಪರೀಕ್ಷೆ ಮಾಡಿಸಿ, ಕೊಂಡಿ ಹಾಕಿಸಿ, ಕೆಳಗೆ ಹಳೆಯ ಹಾಸಿಗೆ ಪೇರಿಸಿ, ಒಂದು ಮಧ್ಯಾಹ್ನ ಒಬ್ಬಳೇ ಎಡಗಾಲು ಕಲಿಯಲು ಹತ್ತಿದೆ. ಎಲ್ಲವನ್ನೂ ತಿರುವುಮುರುವು ಮಾಡಿದರೆ ಆಯಿತು ಎಂದುಕೊಂಡಿದ್ದೆ. ಎಲ್ಲೋ ಒಂದು ಕಡೆ ತಿರುಗಿಸುವುದು ತಪ್ಪಿತು, ಮಡಿಕೆ ಕಚ್ಚಲಿಲ್ಲ, ನಾನು ನಂಬಿ ಭಾರ ಬಿಟ್ಟೆ—ಮೇಲಿಂದ ಕೆಳಗಿನವರೆಗೆ ಸರ್ರನೆ ಜಾರಿದೆ. ಬಟ್ಟೆ ಉಜ್ಜಿ ಒಳತೊಡೆಯ ಚರ್ಮ ಸುಲಿಯಿತು. ಮನೆಯಲ್ಲಿ ಬಿಸಿನೀರು ಬಿತ್ತು ಎಂದೆ. ಆಮೇಲೆ ಎಡಗಾಲು ಬಟ್ಟೆಗೆ ತಾಕಿದರೆ ಸಾಕು, ಕೆಳಗಿಳಿದುಬಿಡುತ್ತಿದ್ದೆ. ಹೆದರಿಕೆ. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಹೆದರಿದವಳು ಕಲಿಸಬಾರದಿತ್ತು ಎನ್ನುತ್ತೀಯೇನೋ. ಅದನ್ನು ಮಾತ್ರ ಒಪ್ಪುವುದಿಲ್ಲ. ನನಗೆ ಗೊತ್ತಿದ್ದಷ್ಟನ್ನು ಹೇಳಿಕೊಡಲು ನನಗೆ ಹಕ್ಕಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕಿತ್ತು, ಅಷ್ಟೇ. ಆ ಒಂದು ಮಾತು—

ಮೊದಲ ದಿನ ಮಕ್ಕಳ ಜೊತೆ ಬಂದಿದ್ದ ಹೆಂಗಸರು ಗೋಡೌನಿನ ಬಾಗಿಲಲ್ಲೇ ನಿಂತುಬಿಟ್ಟರು. ತೊಲೆ, ಇಳಿಬಿದ್ದ ಬಟ್ಟೆ, ಕೆಳಗೆ ಹೆಣ್ಣುಮಗು—ನಮ್ಮ ಕಡೆ ಹೆಂಗಸರಿಗೆ ಇದನ್ನು ನೋಡಿದರೆ ಏನು ನೆನಪಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊಮ್ಮಗಳು ಗಾಯತ್ರಿಯನ್ನು ಕರೆತಂದಿದ್ದ ಮುನಿಯಮ್ಮಜ್ಜಿ ಎದೆ ಹಿಡಿದುಕೊಂಡು, “ಅಯ್ಯೋ ಸಿವ್ನೆ! ತೊಲೆಗೆ ಬಟ್ಟೆ ಕಟ್ಟವ್ಳಲ್ಲಪ್ಪ! ಹೆಣ್ಮಕ್ಳಿಗೆ ಇಂತಾದ್ನ ತೋರುಸ್ಬೌದಾ?” ಎಂದಳು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎಲ್ಲರೂ ಮಕ್ಕಳ ಕೈ ಹಿಡಿದು ವಾಪಸು ಹೋಗುತ್ತಿದ್ದರು.

ನನ್ನ ಬಾಯಿಗೆ ಎಲ್ಲಿಂದ ಬಂತೋ. “ಸುಮ್ನೆ ಹತ್ತಾದಲ್ಲ ಅಜ್ಜಿ, ಇದುಕ್ಕೂ ಒಂದು ಸಾಸ್ತ್ರ ಐತೆ. ಬಟ್ಟೇನ ಕಣ್ಣಿಗೊತ್ಕಂಡು ಬಲಗಾಲು ಮೊದ್ಲು ಸುತ್ಬೇಕು. ಎಡಗಾಲು ಸುತ್ತಂಗೇ ಇಲ್ಲ” ಎಂದುಬಿಟ್ಟೆ. ಅಜ್ಜಿಯ ಮುಖ ಸಡಿಲವಾಯಿತು. ಬಲಗಾಲು ಮುಂದಿಟ್ಟು ಮನೆಗೆ ಬಂದವರು, ಸೊಸೆಯನ್ನು ಬಲಗಾಲು ಮುಂದಿಡಿಸಿ ಕರೆದುಕೊಂಡವರು—ಬಲಗಾಲು ಎಂದ ಮೇಲೆ ಅದು ಕೆಟ್ಟದ್ದಾಗುವುದಾದರೂ ಹೇಗೆ? ಮುಂದಿನ ವಾರ ಅಜ್ಜಿಯೇ ಗೋಡೌನಿನ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಮಕ್ಕಳು ಹತ್ತಿದರು, ಕೈ ಬಿಟ್ಟು ನಿಂತರು, ನಕ್ಕರು. ಆ ಸುಳ್ಳು ಹೇಳದಿದ್ದರೆ ಒಂದು ಮಗುವೂ ನೆಲ ಬಿಡುತ್ತಿರಲಿಲ್ಲ. ಇವತ್ತು ಮತ್ತೆ ಆ ಬಾಗಿಲಲ್ಲಿ ನಿಲ್ಲಿಸಿದರೆ ಕಣ್ಣಿಗೊತ್ತಿಕೊಳ್ಳುವುದನ್ನೂ ಹೇಳುತ್ತೇನೆ, ಬಲಗಾಲನ್ನೂ ಹೇಳುತ್ತೇನೆ. ಎಡಗಾಲು ಕೂಡದು ಎಂಬುದನ್ನು ಹೇಳುವುದಿಲ್ಲ. ಅದನ್ನು ಅಜ್ಜಿಗಾಗಿ ಹೇಳಿರಲಿಲ್ಲ, ನನಗಾಗಿ ಹೇಳಿಕೊಂಡಿದ್ದೆ. ಹೇಳುವಾಗಲೇ ಗೊತ್ತಿತ್ತು.

ಆಮೇಲೆ ನೀನು ಬಂದೆ. ಎಂಟನೇ ಕ್ಲಾಸು, ಸಣಕಲು ಕಾಲು, ಎರಡು ಜಡೆ. ಗುಲಾಬಿ ಗ್ರೀನ್‌ಹೌಸಿನಲ್ಲಿ ಹೂ ಕೊಯ್ಯುವ ಯಶೋದಕ್ಕನ ಮಗಳು. ಎಡಗೈಯಲ್ಲಿ ಬರೆಯುತ್ತೀಯೆಂದು ಸ್ಕೂಲಿನಲ್ಲಿ ನಿನ್ನನ್ನು ಎಡಚಿ ಎನ್ನುತ್ತಿದ್ದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಬೇರೆ ಮಕ್ಕಳು ಮಾಡುವುದನ್ನು ನೋಡಿಕೊಂಡೇ ನೀನು ಬಟ್ಟೆ ಹಿಡಿದೆ. ಎಡಗಾಲು ತಾನಾಗಿಯೇ ಹೊರಗಿನಿಂದ ತಿರುಗಿತು, ಬಲಪಾದ ಬಾಲವನ್ನು ಎತ್ತಿ ತಂದಿತು, ಮಡಿಕೆ ಕಚ್ಚಿತು. ನೀನು ನಿಂತೆ. ನನ್ನ ಚರ್ಮ ಸುಲಿದ ಜಾಗದಲ್ಲಿ ನೀನು ಆಟವಾಡುವ ಹಾಗೆ ನಿಂತುಬಿಟ್ಟೆ.

ಗುರುವಾದವಳಿಗೆ ಆಗ ಖುಷಿಯಾಗಬೇಕಿತ್ತು. ನನಗೆ ಹೊಟ್ಟೆ ಉರಿಯಿತು, ಪವಿತ್ರ. ಹದಿಮೂರು ವರ್ಷದ ಮಗುವಿನ ಮೇಲೆ—

“ಇಳಿ ಕೆಳಿಕ್ಕೆ. ಎಡಗಾಲು ಇಲ್ಲಿ ನಡಿಯಲ್ಲ. ಬಲಗಾಲು ಸುತ್ತು” ಎಂದೆ. ನೀನು ಇಳಿದೆ. ಯಾಕೆ ಎಂದು ಕೇಳಲಿಲ್ಲ, ಬಲಗಾಲು ಸುತ್ತಲು ಶುರು ಮಾಡಿದೆ. ಎಷ್ಟು ತಿಂಗಳು ಒದ್ದಾಡಿದೆ ನೀನು! ಬಟ್ಟೆ ಯಾವ ಕಡೆಯಿಂದ ಬರಬೇಕೆಂದು ಗೊಂದಲ, ಬಾಲವನ್ನು ಎತ್ತಬೇಕಾದ ಪಾದವೇ ಸುತ್ತಲು ಹೋಗುತ್ತಿತ್ತು. ತಾಳ್ಮೆಯಿಂದ ಹೇಳಿಕೊಟ್ಟಿದ್ದರೆ ಬಲಗಾಲೂ ನಿನಗೆ ಬರುತ್ತಿತ್ತು. ನಾನು ಹೇಳಿಕೊಡಲಿಲ್ಲ. ದೂರದಲ್ಲಿ ನಿಂತು, ಮತ್ತೆ ಮಾಡು, ಮತ್ತೆ ಮಾಡು ಎನ್ನುತ್ತಿದ್ದೆ. ನಿನಗೆ ಬಾರದಿದ್ದಷ್ಟೂ ನನಗೆ ಸಮಾಧಾನವಾಗುತ್ತಿತ್ತು.

ಒಂದು ಭಾನುವಾರ ನಾನು ಬರುವುದು ತಡವಾಯಿತು. ಬಾಗಿಲಿಗೆ ಬಂದಾಗ ಒಳಗೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನೀನು ತೊಲೆಯ ಹತ್ತಿರದವರೆಗೂ ಹತ್ತಿ, ಎಡಗಾಲಿನ ಬೀಗ ಹಾಕಿಕೊಂಡು, ಎರಡೂ ಕೈ ಚಾಚಿ ನಿಂತಿದ್ದೆ. ನನ್ನನ್ನು ಕಂಡು ಗಡಿಬಿಡಿಯಲ್ಲಿ ಇಳಿದೆ. ಬೈಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಗಾಯತ್ರಿ, “ಅಕ್ಕ, ಎಡಗಡೆ ಎಷ್ಟ್ ಚೆನ್ನಾಗ್ ಕಾಣ್ತೈತೆ ನೋಡಿ. ನೀವೂ ಒಂದ್ಸಲ ಮಾಡ್ ತೋರ್ಸಿ ಅಕ್ಕ” ಎಂದಳು. ಪಾಪದ ಹುಡುಗಿ, ಆಸೆಯಿಂದ ಕೇಳಿದ್ದು. ಎಲ್ಲ ಮಕ್ಕಳೂ ನನ್ನ ಕಡೆ ತಿರುಗಿದರು. ಶಾಸ್ತ್ರ ಮೀರಬಾರದು ಎಂದು ಗದರಿಸಿ ಕ್ಲಾಸು ಬೇಗ ಬಿಟ್ಟೆ.

ಮಾರನೆಯ ದಿನ ಸಂಜೆ, ಗ್ರೀನ್‌ಹೌಸಿನ ಕೆಲಸ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತೆ. ನಿನ್ನ ಅಮ್ಮ ಬೇರೆ ಹೆಂಗಸರ ಜೊತೆ ಬರುತ್ತಿದ್ದರು. ಅವರೆಲ್ಲರ ಎದುರಿಗೇ ಹೇಳಿದೆ. ಮೆಲ್ಲಗೆ, ಬಹಳ ಕಾಳಜಿ ಇರುವವಳ ಹಾಗೆ—

“ಯಶೋದಕ್ಕ, ಪವಿತ್ರನ್ ಕಾಲು ಮಾತು ಕೇಳಲ್ಲ. ಅವ್ಳಿಗೆ ಇದು ಒಗ್ಗಲ್ಲ. ಬಿದ್ದು ಕಾಲ್ ಮುರ್ಕಂಡ್ರೆ ನಾಳೆ ಯಾರು ಮದ್ವೆ ಆಗ್ತಾರೆ ಹೇಳು?”

ಮದುವೆಯ ಮಾತು! ನನಗೆ ಅದೇ ಮಾತು ಹೇಳಿದವರ ಮುಖಕ್ಕೆ ಬಾಗಿಲು ಹಾಕಿ, ಇವತ್ತಿಗೂ ಒಬ್ಬಳೇ ಇರುವವಳು ನಾನು. ನನಗೆ ಯಾವ ಮಾತು ಅತ್ಯಂತ ಅಸಹ್ಯವೋ ಅದನ್ನೇ ಹುಡುಕಿ ತೆಗೆದೆ, ಯಾಕೆಂದರೆ ಅದು ತಾಗುತ್ತದೆ ಎಂದು ಗೊತ್ತಿತ್ತು. ತಾಗಿತು. ಮುಂದಿನ ಭಾನುವಾರ ನೀನು ಬರಲಿಲ್ಲ.

ಕ್ಲಾಸು ಬೆಳೆಯಿತು. ನಾನು ಕಂಪನಿ ಬಿಟ್ಟೆ. ಗಾಯತ್ರಿ ಚೆನ್ನಾಗಿ ಕಲಿತು ಈಗ ಕೆಲಮಂಗಲದ ಒಂದು ಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾಳೆ. ಅಲ್ಲಿ ಒಂದು ಸಲ ನೋಡಲು ಹೋಗಿದ್ದೆ. ಯಾವುದೋ ಮಗು ಎಡಗಾಲು ಸುತ್ತಿದ್ದಕ್ಕೆ ಗಾಯತ್ರಿ, “ಏಯ್, ಎಡಗಾಲ್ ಸುತ್ತಂಗಿಲ್ಲ, ಇದ್ರ ಸಾಸ್ತ್ರ ಅದು” ಎಂದು ಗದರಿದಳು. ನನ್ನ ಮುಖ ನೋಡಿ, ಸರಿಯಾಗಿ ಹೇಳಿದೆನಲ್ಲ ಅಕ್ಕ ಎಂಬಂತೆ ನಕ್ಕಳು. ನಾನೂ ನಕ್ಕೆ. ಆ ದಿನವಾದರೂ ಬಾಯಿಬಿಡಬಹುದಿತ್ತು, ಬಿಡಲಿಲ್ಲ.

ಕೊನೆಗೆ ನನ್ನ ಬಾಯಿ ಬಿಡಿಸಿದವಳು ನೀನೇ. ಹೋದ ತಿಂಗಳು ಗಾಯತ್ರಿಯ ಅಣ್ಣನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತೆ. ಜೊತೆಗೆ ನಿನ್ನ ಪುಟ್ಟ ಮಗಳು. ಎಷ್ಟೋ ವರ್ಷದ ಮೇಲೆ ನೋಡಿದ್ದು. ನನಗೆ ಎದ್ದು ಹೋಗೋಣ ಅನ್ನಿಸಿತು. ನೀನು ನನ್ನ ಕೈ ಹಿಡಿದುಕೊಂಡೆ. “ಅಕ್ಕ, ಆವಾಗ ನಿಮ್ಗೆ ಎಷ್ಟ್ ಕಾಟ ಕೊಟ್ಬುಟ್ಟೆ. ನೀವು ಪಾಪ ಚೆನ್ನಾಗೇ ಹೇಳ್ಕೊಟ್ರಿ. ನನ್ ಕಾಲೇ ಸರೀಗಿರ್ಲಿಲ್ಲ ಬಿಡಿ” ಎಂದೆ. ನಗುನಗುತ್ತಾ ಎಂದೆ. ಆಗಲೇ ನಿನ್ನ ಮಗಳು ಎಲೆಯ ಮೇಲಿನ ಹೋಳಿಗೆಗೆ ಎಡಗೈ ಹಾಕಿತು. ನೀನು ಮಾತಿನ ನಡುವೆಯೇ ಆ ಕೈಗೆ ಪಟ್ಟನೆ ಹೊಡೆದೆ. “ನನ್ನಂಗೇ ಆಗ್ಬುಡ್ತಾಳೆ ಅಂತ ಭಯ ಅಕ್ಕ. ಈಗ್ಲೇ ತಿದ್ಬುಡ್ಬೇಕು” ಎಂದೆ.

ಮಗು ಅಳಲಿಲ್ಲ. ಎಡಗೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡು ಬಲಗೈಯಲ್ಲಿ ತಿನ್ನತೊಡಗಿತು. ಅಭ್ಯಾಸವಾಗಿಹೋಗಿತ್ತು ಅದಕ್ಕೆ. ಎಡಗೈಗೆ ಹೊಡೆಯುವ ತಾಯಂದಿರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ನೀನೊಬ್ಬಳೇ ಅಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ನೋಡಿದೆ. ಆದರೆ ‘ನನ್ನಂಗೇ’ ಎಂದೆಯಲ್ಲ. ಆ ಮಾತನ್ನು ನಿನ್ನೊಳಗೆ ಇಟ್ಟವಳು ನಾನು.

ಮಾರನೆಯ ಬೆಳಿಗ್ಗೆ ಗೋಡೌನಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಎಡಗಾಲು ಸುತ್ತಿದೆ. ಹೆದರಿಕೆ ಬಂತು. ಇಳಿಯಲಿಲ್ಲ. ನೆಲದಿಂದ ಒಂದು ಮೊಳ ಮೇಲೆ, ನೀನು ಮಾಡುತ್ತಿದ್ದುದನ್ನು ಕಣ್ಣ ಮುಂದೆ ತಂದುಕೊಂಡು ಮಾಡಿದೆ. ಮೊದಲು ತಪ್ಪಿತು, ಆಮೇಲೆ ಮಡಿಕೆ ಕಚ್ಚಿತು. ಒಂದೇ ವಾರದಲ್ಲಿ ಬಂದುಬಿಟ್ಟಿತು, ಪವಿತ್ರ. ಕಷ್ಟಪಟ್ಟು ಕಲಿತೆ ಎಂದು ನಿನಗೆ ಹೇಳುವ ಹಾಗಾದರೂ ಇರಬೇಕಿತ್ತು. ಒಂದು ವಾರದ ಕೆಲಸವನ್ನು ಮುಚ್ಚಿಡಲು ನಿನ್ನ ಇಷ್ಟು ವರ್ಷಗಳನ್ನು ತೆಗೆದುಕೊಂಡೆ ನಾನು. ಹಾಸಿಗೆಯ ಮೇಲೆ ಕೂತು ಅತ್ತೆ, ಆಮೇಲೆ ಅಳುವುದಕ್ಕೂ ಹೇಸಿಗೆಯಾಯಿತು.

ಭಾನುವಾರ ಮಕ್ಕಳನ್ನೂ ತಾಯಂದಿರನ್ನೂ ಕೂರಿಸಿ ಹೇಳುತ್ತೇನೆ ಎಂದಾಗ ಗಾಯತ್ರಿ ಗಾಬರಿಯಾದಳು. “ಯಾಕಕ್ಕ ಇದ್ನೆಲ್ಲ ಬಾಯ್ಬುಡ್ತೀರ? ಈಗ ಸಾಸ್ತ್ರ ಬದ್ಲಾಯ್ತು ಅಂತ ಹೇಳ್ಬುಡಿ, ಮುಗೀತು” ಎಂದಳು. ಇನ್ನೊಂದು ಸುಳ್ಳು! ಬೇಡ ಎಂದೆ. ಎಲ್ಲರ ಎದುರಿಗೆ ನಿಂತು, ಎಡಗಾಲು ಕೂಡದು ಎಂಬ ಶಾಸ್ತ್ರ ಎಲ್ಲೂ ಇಲ್ಲ, ನನಗೆ ಬರುತ್ತಿರಲಿಲ್ಲ, ಅದಕ್ಕೇ ಹುಟ್ಟಿಸಿದೆ ಎಂದು ಹೇಳಿ, ಎಡಗಾಲಿನಲ್ಲೇ ಹತ್ತಿ ತೋರಿಸಿದೆ. ಮುನಿಯಮ್ಮಜ್ಜಿಗೆ ಈಗ ಕಣ್ಣು ಮಂಜು, ಬಾಯಿ ಮಾತ್ರ ಚುರುಕು. “ಎಲೇ, ನನ್ ಅರ್ಸ್ನ ಕುಂಕ್ಮನೆಲ್ಲ ದಂಡ ಮಾಡ್ಸ್ಬುಟ್ಯಲ್ಲೇ!” ಎಂದು ಬೈದಳು. ಕೆಲವರು ನಕ್ಕರು. ಕೆಲವು ತಾಯಂದಿರು ನಗಲಿಲ್ಲ, ಮಕ್ಕಳನ್ನು ಕರೆದುಕೊಂಡು ಹೋದರು. ಸುಳ್ಳು ಹೇಳುವವಳ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ಊರಲ್ಲಿ ಮಾತಾಡಿಕೊಳ್ಳುತ್ತಿದ್ದಾರಂತೆ. ಮಾತಾಡಿಕೊಳ್ಳಲಿ. ಅವರು ಕೇಳುತ್ತಿರುವುದು ಸರಿಯಾಗಿಯೇ ಇದೆ. ಉಳಿದ ಮಕ್ಕಳಿಗೆ ಈಗ ಎರಡೂ ಕಡೆ ಹೇಳಿಕೊಡುತ್ತಿದ್ದೇನೆ, ಒಂದೇ ಮಗು ಉಳಿದರೂ ಹೇಳಿಕೊಡುತ್ತೇನೆ.

ಊರಿಗೆ ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಊರಿನ ಜೊತೆ ಜಗಳವಾಡಿ ನನಗೆ ಅಭ್ಯಾಸ. ಇವತ್ತು ಗ್ರೀನ್‌ಹೌಸಿನ ಗೇಟಿಗೆ ಹೋಗುವಾಗ ಅರ್ಧ ದಾರಿಯಿಂದ ಒಂದು ಸಲ ಹಿಂತಿರುಗಿ ಬಂದು ಮತ್ತೆ ಹೋದೆ. ಯಶೋದಕ್ಕ ಈಗಲೂ ಅಲ್ಲೇ ಹೂ ಕೊಯ್ಯುತ್ತಾರೆ. ಅವತ್ತು ಹೇಗೆ ಹೇಳಿದ್ದೆನೋ ಹಾಗೇ, ಬೇರೆ ಹೆಂಗಸರ ಎದುರಿಗೇ ಹೇಳಿದೆ—ನಿಮ್ಮ ಮಗಳು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು, ಸಹಿಸಲಾಗದೆ ಸುಳ್ಳು ಹೇಳಿದೆ ಎಂದು. ಬೈಯುತ್ತಾರೆ, ಚಪ್ಪಲಿ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ.

“ಆಮೇಲೂ ಅವ್ಳು ಬುಟ್ಟಿರ್ಲಿಲ್ಲ ಕಣೆ ರತ್ನ” ಎಂದರು. “ಮನೇಲಿ ಕಿಟ್ಕಿ ಕಂಬೀಗೆ ದುಪಟ್ಟ ಕಟ್ಕಂಡು ಅದೇ ಎಡಗಾಲ್ನ ಸುತ್ಕಂಡ್ ನಿಂತಿರೋಳು. ಮುರ್ಕತಾಳೆ ಅಂತ ನೀನ್ ಹೇಳಿದ್ದಲ್ಲ... ಆ ಕಾಲ್ಗೇ ಹೊಡ್ದೆ. ಸೌದೆ ತಕ್ಕಂಡು ಹೊಡ್ದೆ. ಬುಡೋವರ್ಗೂ ಹೊಡ್ದೆ.”

ಅಷ್ಟು ಹೇಳಿ ಬಸ್ಸಿನ ಕಡೆ ಹೊರಟುಹೋದರು. ಗೋಡೌನು ಬಿಟ್ಟ ಮೇಲೂ ನೀನು ಹತ್ತುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ, ಪವಿತ್ರ. ನನ್ನ ಒಂದು ಮಾತಿಗೆ ನೀನು ಸುಮ್ಮನಾದೆ ಎಂದುಕೊಂಡಿದ್ದೆ—ನೀನು ಸುಮ್ಮನಾಗಲಿಲ್ಲ, ನಿನ್ನನ್ನು ಹೊಡೆದು ಸುಮ್ಮನಾಗಿಸಬೇಕಾಯಿತು.

ನಿನ್ನನ್ನು ಗೋಡೌನಿಗೆ ಬಾ ಎನ್ನುವುದಿಲ್ಲ. ನಿನ್ನಿಂದ ಏನನ್ನೂ ಕೇಳುವ ಹಕ್ಕು ನನಗಿಲ್ಲ, ಹಕ್ಕಿಲ್ಲದೆಯೇ ಒಂದನ್ನು ಕೇಳುತ್ತೇನೆ. ಸಿಟ್ಟು ಬಂದರೆ ಬಂದು ನನಗೆ ಹೊಡೆ. ಎಲ್ಲರ ಎದುರಿಗೆ ಹೊಡೆ, ನಾನು ಕದಲುವುದಿಲ್ಲ. ಆ ಮಗುವಿನ ಎಡಗೈಗೆ ಮಾತ್ರ ಇನ್ನು ಹೊಡೆಯಬೇಡ.